ಗಾಲಿ ಕೆಳಗಿನ ಕಲ್ಲು

ತೋರಣಗಲ್ಲಿನ ಕ್ರಾಸಿನಾಗ ನಂದೊಂದು ಪಂಚರ್ ಅಂಗಡಿ.
ಹಳೇ ಟೈರಿನ ಮ್ಯಾಲೆ ಸುಣ್ಣದಾಗ ಬರದೈತಿ: ಸುಂಕ್ಲಮ್ಮ.
ಓದಿದವರು ಒಳಗ ಬಗ್ಗಿ ನೋಡಿ ಕೇಳ್ತಾರ,
'ಗಂಡಸ್ರು ಯಾರೂ ಇಲ್ಲೇನು?'

ನಿನ್ನೆ ರಾತ್ರಿ ಅದಿರಿನ ಲಾರಿ ಒಂದು ಕುಂಟಿಕೋತ ಬಂತು.
ಡ್ರೈವರ್ ಪೆನ್ನಯ್ಯ ಪಾನಾದ ಮ್ಯಾಲೆ ಎರಡೂ ಕಾಲಿಟ್ಟು ಕುಣಿದ.
ನಟ್ಟು ಅಲುಗಲಿಲ್ಲ.
ಕೆಂಪು ಧೂಳು, ಜಂಗು,
ಒಂದನ್ನೊಂದು ಕಚ್ಚಿ ಹಿಡದ ಹಲ್ಲು.
ಬೈದ, ತೆಲುಗಿನಾಗ ಒಂದು, ಕನ್ನಡದಾಗ ಮೂರು.

ಬೋರ್‌ವೆಲ್ಲಿನ ಪೈಪು ತಂದೆ, ನಾಕು ಮೊಳದ್ದು.
ಪಾನಾಕ್ಕ ತೊಡಿಸಿ ತುದಿಗೆ ಹೋಗಿ ಕೈಯೂರಿದೆ,
ಪಕ್ಕದ ಮನಿ ಕಟ್ಟಿಗೆ ಕೈಯೂರಿ ಮಾತಾಡೋರಂಗ.
ಕಿರ್ ಅಂತು. ಆಮ್ಯಾಲೆ ಬೆರಳಿಗೇ ಬಂತು.
ನಲವತ್ತೆಂಟು ಕೆ.ಜಿ. ನಾನು, ರೇಷನ್ ಅಂಗಡಿ ತಕ್ಕಡಿ ಸಾಕ್ಷಿ.
ನಟ್ಟಿನ ಮಗ್ಗಲದಾಗ ನಿಂತ್ರ ಅದು ತೂಕಾನ ಅಲ್ಲ,
ದೂರ ನಿಂತ್ರ ಮಾತು ನಡೀತೈತಿ.

ಕ್ಲೀನರ್ ಹುಡುಗ ಗಾದಿಲಿಂಗ, ಒಂಬತ್ತನೇತ್ತ ವಿಜ್ಞಾನದಾಗ ಡುಮ್ಕಿ.
'ಅಕ್ಕ, ನಿಂತದ್ದು ನಿಂತೇ ಇರ್ತೈತಿ ಯಾರರ ನೂಕೋತನಕ.
ಇದೊಂದು ಸಾಲು ಬರ್ತೈತಿ, ಮುಂದಿಂದು ಮರತೀನಿ.'
ಹೌದೇನಪಾ, ಹಂಗಾರ ಗಾಲಿ ಕೆಳಗ ಯಾಕ ಕಲ್ಲಿಟ್ಟಿ?
ತಲಿ ಕೆರಕೊಂಡ.
'ಇಳಿಜಾರೈತಲ್ಲಕ್ಕ. ಯಾರೂ ಮುಟ್ಟದಿದ್ರೂ
ಭೂಮಿ ಜಗ್ಗಾಕ ಹತ್ತಿರ್ತೈತಿ.'
ಮತ್ತ ಡುಮ್ಕಿ ಹೊಡದದ್ದು ಯಾವುದರಾಗಪಾ ನೀನು?

ಮೂವತ್ತು ಟನ್ನಿನ ಎದುರು ತಾಸೊತ್ತು
ರಾಗಿಮುದ್ದಿಯಷ್ಟು ಕಲ್ಲು.
ಬೆವರಿಲ್ಲ, ಉಸಿರಿಲ್ಲ.
ಲಾರಿ ನೂಕಿದಷ್ಟೇ ತಿರುಗಿ ನೂಕ್ತಿತ್ತು,
ಒಂದು ತೊಲಿ ಹೆಚ್ಚಿಲ್ಲ, ಕಮ್ಮಿಲ್ಲ.
ದೂರದಿಂದ ನೋಡಿದವರು
ಲಾರಿ ಸುಮ್ನ ನಿಂತೈತಿ ಅಂದಿರ್ತಾರ.

ಮುನ್ನೂರು ಕೊಟ್ಟ, ಇಪ್ಪತ್ತು ಬಾಕಿ ಹೇಳಿದ.
ಲಾರಿ ಹೋತು,
ಕಲ್ಲು ಡಾಂಬರಿನ ಮ್ಯಾಲೆ ಉಳೀತು.
ಎಲ್ಲರೂ ಹಂಗ. ಇಡಾಕ ನೆಪ್ಪಿರ್ತೈತಿ, ತಗ್ಯಾಕ ಇರಂಗಿಲ್ಲ.
ಪಾಳಿ ಬಿಟ್ಟು ಫ್ಯಾಕ್ಟರಿ ಹುಡುಗ್ರು ಬೈಕಿನ್ಯಾಗ ಬರೋ ಹೊತ್ತು,
ಅವ್ರ ಓಟಕ್ಕ ನೆಲದಾಗಿಂದು ಕಾಣಂಗಿಲ್ಲ,
ಕಂಡ್ರೂ ಓಟ ಕೇಳಂಗಿಲ್ಲ.

ಬ್ಯಾಟ್ರಿ ಹಿಡಕೊಂಡು ಹೋಗಿ ಬಗ್ಗಿ ಎತ್ತಿದೆ.
ಹಗಲಿನ ಬಿಸಿಲಿಗೋ, ಗಾಲಿಗೋ,
ಇನ್ನೂ ಬೆಚ್ಚಗಿತ್ತು.

ಇಂಥವು ಹನ್ನೊಂದು ಅದಾವ ಈಗ, ಅಂಗಡಿ ಗ್ವಾಡಿಗುಂಟ.
ಬರ್ತಾನ ನಾಳೆ ಇನ್ನೊಬ್ಬ, ಕೆಳಗಿಳಿಯೂದ್ರಾಗ ಒದರ್ತಾನ:
'ಅಕ್ಕ, ಲಗೂನ ಒಂದು ಕಲ್ಲು ಕೊಡ್ರಿ.'