ಫೆಟಲ್

ನಿಘಂಟಿನಲ್ಲಿ ಅದಕ್ಕೆ ಮೂರೇ ಸಾಲು.
ಫೆಟಲ್: ಅಣಿಗೊಳಿಸು, ಒಪ್ಪ ಮಾಡು,
ಭಟ್ಟಿಗೆ ಹೋಗುವ ಮುನ್ನ ಹಸಿ ಪಾತ್ರೆಯ ಅಂಚು ಕೆರೆ.

ಬೆರಿಲ್ ಕ್ಲೂಸ್ ನಿಘಂಟು ತೆರೆದವಳಲ್ಲ.
ಹದಿನಾಲ್ಕಕ್ಕೆ ಲಾಂಗ್‌ಟನ್ನಿನ ಪಿಂಗಾಣಿ ಕಾರ್ಖಾನೆ ಸೇರಿದ ದಿನ
ಹಿರಿಯಳೊಬ್ಬಳು ಕೈಗೆ ಚೂರಿ, ಒದ್ದೆ ಸ್ಪಂಜು ಕೊಟ್ಟು
'ಇದನ್ನ ಫೆಟಲ್ ಮಾಡು, ಬಾತುಕೋಳಿ' ಅಂದಳು.
(ಆ ಊರಲ್ಲಿ ಎಲ್ಲರೂ ಎಲ್ಲರಿಗೂ ಬಾತುಕೋಳಿ.)
ಪದದ ಅರ್ಥ ಹೆಬ್ಬೆರಳಿಗೆ ಹತ್ತಿತು.
ಎರಡು ಅಚ್ಚು ಕೂಡಿದ ಕಡೆ ಟೀ ಕಪ್ಪಿನ ಮೈಮೇಲೆ
ಗೆರೆಯೊಂದು ಏಳುತ್ತದೆ, ಕೂದಲೆಳೆಯಷ್ಟು.
ಕೆರೆಯಬೇಕು, ಅದಕ್ಕೆ ನೋವಾಗದ ಹಾಗೆ.
ದಿನಕ್ಕೆ ಅರವತ್ತು ಡಜನ್. ಕಿಟಕಿ ಮುಚ್ಚಿಯೇ ಇತ್ತು,
ಗಾಳಿ ತಾಗಿದರೆ ಸುಡದ ಮಣ್ಣು ಬಿರಿಯುತ್ತದೆ.
ಕೆರೆದದ್ದು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಲಿಲ್ಲ.
ಬಿಳೀ ಹುಡಿ. ರೆಪ್ಪೆಯ ಮೇಲೆ, ಬುತ್ತಿಯ ಬ್ರೆಡ್ಡಿನ ಮೇಲೆ.

ಪದ ಬಂದದ್ದು ಬೇರೆ ದಾರಿಯಲ್ಲಿ.
ಸಾವಿರ ವರ್ಷದ ಹಿಂದೆ ಅದು ಬರೀ ನಾಮಪದ, ಫೆಟೆಲ್: ನಡುಪಟ್ಟಿ.
ಪಟ್ಟಿ ಬಿಗಿದವನು ಹೊರಡಲು ಸಿದ್ಧ;
ಹಾಗೆ ಸಿದ್ಧವಾಗುವುದೇ ಕ್ರಿಯಾಪದವಾಯಿತು.
ಪಂಚೆಯೇ ಉಡದವನಿಗೂ ನಾವು
'ಟೊಂಕ ಕಟ್ಟಿ ನಿಂತ' ಅನ್ನುವುದಿಲ್ಲವೆ, ಹಾಗೆ.
ಆಮೇಲೆ ಯಾರೋ ಕತ್ತಿ ಇಳಿಸಿಟ್ಟು
ಕುದುರೆಗೆ ಹುಲ್ಲು ಹಾಕಿದರು, ಬೇಲಿ ಸರಿಮಾಡಿದರು, ಮನೆ ಗುಡಿಸಿದರು.
ಎಲ್ಲಕ್ಕೂ ಅದೇ ಪದ.
ಬೆರಿಲ್ ಬಿಗಿದದ್ದು ಏಪ್ರನ್ನು, ಬೆನ್ನ ಹಿಂದೆ ಎರಡು ಗಂಟು.

ಎಪ್ಪತ್ತಕ್ಕೆ ಆಸ್ಪತ್ರೆ. ಎಕ್ಸ್‌ರೇಯಲ್ಲಿ ಅವಳ ಶ್ವಾಸಕೋಶ
ಹಿಮ ಬಿದ್ದ ಹೊಲ.
ರಾತ್ರಿಪಾಳಿಯ ನರ್ಸ್ ಇನ್ನೂ ಉತ್ತರದವಳು, ಕಂಬರ್ಲೆಂಡಿನ ಕರಾವಳಿಯವಳು.
ಹೇಗಿದ್ದೀರಿ ಅನ್ನಲು ಅಲ್ಲಿ ಅದೇ ಪದ ಸಾಕು:
'ಯಾವ ಫೆಟಲ್?'
ಬೆರಿಲ್ ತಬ್ಬಿಬ್ಬಾದಳು. ಯಾರೋ ಲೆಕ್ಕ ಕೇಳುತ್ತಿದ್ದಾರೆ ಅನ್ನಿಸಿ
'ಕಪ್ಪು, ಸಾಸರು. ಕಡೇ ವರ್ಷ
ಹೂಜಿ' ಅಂದಳು, ನಡುವೆ ಉಸಿರು ಹುಡುಕಿಕೊಂಡು.

ಇಬ್ಬರಿಗೂ ನಗು. ಅವಳದು ಕೆಮ್ಮಾಯಿತು.
ನರ್ಸ್ ಚಹಾ ತಂದಳು, ಆಸ್ಪತ್ರೆಯ ದಪ್ಪ ಬಿಳೀ ಕಪ್ಪಿನಲ್ಲಿ.
ತುಟಿಗಿಡುವ ಮುಂಚೆ ಹೆಬ್ಬೆರಳು ತಾನಾಗಿಯೇ
ಹಿಡಿಯ ಒಳಬದಿಗೆ ಹೋಯಿತು. ನಿಂತಿತು.
'ಯಾವಳೋ ಹುಡುಗಿಗೆ ಮನೆಗೆ ಹೋಗುವ ಅವಸರ' ಅಂದಳು,
ಚಹಾ ಆರುತ್ತಿದ್ದರೂ
ಉಗುರಿನಿಂದ ಗೆರೆ ಕೆರೆಯುತ್ತ ಕೂತಳು,
ಸುಟ್ಟ ಮಣ್ಣಿನದು ಬರುವುದಿಲ್ಲ ಎಂದು
ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು.