ನಾಲ್ಕನೆಯ ಪದರ

ಗುರುವಾರ ಸಂಜೆ ಗೇಟಿಗೆ ಯಾರೂ ಹೊಸ ಕೋಡು ಬಿಡುವುದಿಲ್ಲ,
ಸೊಹಾರ್ ಬಂದರಿನ ನಮ್ಮ ಆಫೀಸಿನಲ್ಲಿ
ಅದು ಬರೆಯದ ಕಾನೂನು.
ನಾನು ಬಿಡುತ್ತಿದ್ದೇನೆ.

ತಿಲಕರತ್ನೆಯ ಮೇಜು ಖಾಲಿಯಾಗಿ ಒಂಬತ್ತು ದಿನ.
ಮಗ್ಗು ಬಿಟ್ಟು ಹೋಗಿದ್ದಾನೆ,
ಅಂಚಿಗೆ ಒಣಗಿ ಅಂಟಿದ ಟೀಬ್ಯಾಗಿನ ದಾರ.
ಖಲ್ಫಾನ್ ಬಂದು ಎರಡು ಬೆರಳಿಂದ ಮೇಜು ತಟ್ಟಿದ:
"ಅವನ ಕೀಲಿ ಇನ್ನೂ ಒಳಗಿದೆಯಂತೆ,
ಭಾನುವಾರದೊಳಗೆ ತೆಗಿ."
ದನಿಯಲ್ಲಿ ಸಿಟ್ಟಿಲ್ಲ,
ನಲ್ಲಿಗೆ ವಾಶರ್ ಹಾಕಿಸು ಅಂದ ಹಾಗೆ.

ತೆಗೆದೆ. ಏನು ಮಹಾ?
ಏಳನೆಯ ಸಾಲಿನಲ್ಲಿ ಅಳಿಸು ಎಂದು ಬರೆದೆ.
ಬಿಲ್ಡ್ ಓಡಿತು, ಟೆಸ್ಟುಗಳು ಓಡಿದವು,
ಇನ್ನೂರ ಹದಿನಾಲ್ಕು ಹಸಿರು ಚುಕ್ಕಿ,
ಕೊನೆಗೆ ತಪಾಸಣೆಯವ, ಆ ಮನುಷ್ಯನಲ್ಲದ ಮನುಷ್ಯ,
ಕೆಂಪಾಗಿ ಅಡ್ಡ ಕೂತ:
ಕೀಲಿ ಇದೆ. ನಾಲ್ಕನೆಯ ಪದರದಲ್ಲಿ.

ಕಂಟೇನರ್ ಅಂದರೆ
ಕಿಟಕಿಯಾಚೆ ಕ್ರೇನು ಕಚ್ಚಿ ಎತ್ತುವ ಕಬ್ಬಿಣದ ಪೆಟ್ಟಿಗೆಯಲ್ಲ.
ಇದು ತುಕ್ಕು ಹಿಡಿಯುವುದಿಲ್ಲ, ತೂಕ ಮೆಗಾಬೈಟಿನಲ್ಲಿ.
ಪದರದ ಮೇಲೆ ಪದರ.
ಮೇಲಿನದು ಕೆಳಗಿನದನ್ನು ಮುಚ್ಚೀತು,
ಇಲ್ಲವಾಗಿಸಲಾರದು.
ಇಲ್ಲ ಎಂಬುದೂ ಇಲ್ಲಿ ಇನ್ನೊಂದು ಪದರ.

ಎದುರಿನ ಕೆಫೆಟೇರಿಯಾ ನೋಡಿ,
ಬೋರ್ಡಿನಲ್ಲಿ ಈಗ ಬಹರ್ ಅಲ್ ನೂರ್.
ಬಿಸಿಲು ಓರೆಯಾದಾಗ ಬಣ್ಣದಡಿಯಿಂದ ಮೇಲೇಳುತ್ತದೆ
ಕಾಸರಗೋಡ್ ಟೀ ಸ್ಟಾಲ್.
ಕರಕ್ ಸುರಿಯುವ ಹುಡುಗನನ್ನು ಕೇಳಿದರೆ
ಆ ಹೆಸರಿನ ಅಂಗಡಿ ಇರಲೇ ಇಲ್ಲ ಅನ್ನುತ್ತಾನೆ,
ಲೋಟ ತೊಳೆಯುತ್ತ.

ಹಾಗಾಗಿ ಬುಡದಿಂದ ಕಟ್ಟಬೇಕು.
ಕೂಡಿಟ್ಟ ಹಳೆಯ ಪದರ ಒಂದನ್ನೂ ಮುಟ್ಟದೆ,
ಮೊದಲ ಸಾಲಿನಿಂದ. ನಲವತ್ತೊಂದು ನಿಮಿಷ.

ಅಷ್ಟು ಹೊತ್ತು ಅವನ ಕಡತ ಓದುತ್ತ ಕೂತೆ.
ಸಾಲು ಹನ್ನೆರಡು: "ಸಣ್ಣ ಮಾಡು.
ಒಂದೂವರೆ ಜಿಬಿ ಹೊತ್ತು ಯಾರು ಓಡುತ್ತಾರೆ?"
ಸಾಲು ಹತ್ತೊಂಬತ್ತು: "ಗಡಿಯಾರ ಮಸ್ಕತ್ತಿಗೆ ತಿರುಗಿಸು,
ಇಲ್ಲದಿದ್ದರೆ ನಾಳೆಯ ಲಾರಿ ನಿನ್ನೆಯೇ ಬಂದಿರುತ್ತದೆ."
ಸಾಲು ಮೂವತ್ತಮೂರು: "ಐದು ಸೆಕೆಂಡು ಕಾಯಿ.
ಡೇಟಾಬೇಸ್ ಇನ್ನೂ ಮುಖ ತೊಳೆಯುತ್ತಿದೆ."

ಕಾಯುವ ಕೋಡು ಹೇಡಿಯ ಕೋಡು
ಎಂದು ಇದಕ್ಕೇ ಜಗಳ ತೆಗೆದಿದ್ದೆ ಅವನ ಮೇಲೆ.
"ಆಗಲಿ ನಂಗಿ," ಅಂದಿದ್ದ.
ಅವನ ಭಾಷೆಯಲ್ಲಿ ತಂಗಿಗೆ ನಂಗಿ.

ಅವನು ಬರುವ ಮೊದಲು
ನನ್ನ ಲ್ಯಾಪ್‌ಟಾಪಿನಲ್ಲಿ ಸರಿ ಇದೆ ಎಂಬುದೇ
ಆಫೀಸಿನ ನಿತ್ಯದ ಜಪ.
ಹೊಸದೊಂದನ್ನು ಬಿಟ್ಟ ರಾತ್ರಿಯೆಲ್ಲ
ಲಾರಿಗಳು ರಸ್ತೆಯುದ್ದ ಹಾರ್ನು ಒತ್ತುತ್ತಿದ್ದವು.
"ಸರಿ, ಹಾಗಾದರೆ ಲ್ಯಾಪ್‌ಟಾಪನ್ನೇ ಗೇಟಿಗೆ ಕಳಿಸಿ,"
ಎಂದು ನಕ್ಕವನು
ಆರು ವಾರದಲ್ಲಿ ನಿಜಕ್ಕೂ ಕಳಿಸಿದ್ದ,
ತಂತಿ ಪರದೆ ಎಲ್ಲ ಬಿಟ್ಟು
ಸರಿ ಇರುವುದನ್ನಷ್ಟೇ ಕಟ್ಟಿ.

ಹಟಕ್ಕೆ ಮೂವತ್ತಮೂರನೆಯ ಸಾಲು ಕಿತ್ತಿದ್ದೆ.
ಬಿಲ್ಡ್ ಬಿತ್ತು.
ವಾಪಸು ಹಾಕಿದೆ, ಅವನ ಮಾತಿನಲ್ಲೇ.
ಮತ್ತೆ ನಲವತ್ತೊಂದು ನಿಮಿಷ.
ಟಿಪ್ಪಣಿ ಪದರಕ್ಕೆ ಇಳಿಯುವುದಿಲ್ಲ,
ತಪಾಸಣೆಯವನ ಕಣ್ಣಿಗೂ ಬೀಳುವುದಿಲ್ಲ.

ಈ ಸಲ ತಪಾಸಣೆ ಹಸಿರು.
ಹಳೆಯದಕ್ಕೆ ಸೂಚನೆ ಹೋಗುತ್ತದೆ ಇನ್ನು:
ಹೊಸ ಲಾರಿ ತೆಗೆದುಕೊಳ್ಳಬೇಡ,
ಕೈಯಲ್ಲಿರುವುದು ಮುಗಿಸು, ಮೂವತ್ತು ಸೆಕೆಂಡು ನಿನಗೆ.
ಈರುಳ್ಳಿ ಲಾರಿಯೊಂದಕ್ಕೆ ಚೀಟಿ ಹರಿದುಕೊಟ್ಟು
ಹನ್ನೊಂದಕ್ಕೇ ಆರಿಬಿಡುತ್ತದೆ ಅದು.
ಅವನಿಗೆ ಕೊಟ್ಟಿದ್ದು ಮೂವತ್ತು ದಿನ.
ಮೂವತ್ತೂ ಕೂತಿದ್ದ,
ಕೊನೆಯ ಸಂಜೆಯೂ ಯಾವುದೋ ಟೆಸ್ಟು ರಿಪೇರಿ ಮಾಡುತ್ತ.

ಆದರೆ ಮೊದಲು ಹೊಸದು ಏಳಬೇಕು.
ಸಾಲಿನ ಮುಂದಿನ ಡ್ರೈವರು ಕಿಟಕಿಯಿಂದ ಕೈ ಚಾಚಿ
ಬೆವರಿಗೆ ಮೆತ್ತಗಾದ ಕಾಗದ ಹಿಡಿದಿದ್ದಾನೆ.
ಗೇಟು ಸುಮ್ಮನಿದೆ.
ಖಲ್ಫಾನ್ ನನ್ನ ಮುಖ ನೋಡುತ್ತಾನೆ.
ನಾನು ಎಣಿಸುತ್ತಿದ್ದೇನೆ:
ಮೂರು,
ನಾಲ್ಕು.