ಟೈರ್ ಅಂಗಡಿಯ ಮೇಲೆ

ಮೊದಲನೆಯವನು ಕೇಳಿದ: ತಮ್ಮ ತೀರಿಕೊಂಡನೇ?
ಇಲ್ಲ, ಅಂದಳು ವರ್ಲೀನ್.
ಬಲಗಣ್ಣು ಹೋಗಿದೆ. ಬದುಕಿದ್ದಾನೆ.
ಹಾಗಾದರೆ ಕಷ್ಟ, ಅಂದ ಅವನು ಮೆಲ್ಲಗೆ,
ಅಂಗಡಿಯವನು ಸ್ಟಾಕಿಲ್ಲ ಅನ್ನುವ ಹಾಗೆ.

ಎರಡನೆಯವನು ಅಟ್ಲಾಂಟಾದವನು, ನೂರೆಂಬತ್ತು ಮೈಲಿ.
ನಿಮ್ಮ ಕೌಂಟಿಯ ಜ್ಯೂರಿ ಎಂಥದೆಂದು ಬಲ್ಲೆನಮ್ಮ,
ಅಲ್ಲೇ ಯಾರನ್ನಾದರೂ ನೋಡಿ.
ಅಲ್ಲೇ ಇದ್ದ ಮೂರನೆಯವನ ಗೋಡೆಯಲ್ಲಿ
ಷೆರಿಫನೂ ಅವನೂ ಸೇರಿ ಎತ್ತಿ ಹಿಡಿದ ಮೀನು.
ಅವಳನ್ನು ನೆಟ್ಟಗೆ ನೋಡಿದ್ದು
ಆ ಮೀನಿನ ಕಣ್ಣು ಮಾತ್ರ.

ನಾಲ್ಕನೆಯವಳದು ಬರೀ ಡೈವೋರ್ಸು.
ಐದನೆಯ ನಂಬರಿನಲ್ಲಿ ಸಂಗೀತ, ಸಂಗೀತ, ಸಂಗೀತ.
ಶಾಲೆಯ ಬಸ್ಸನ್ನು ಶೆಡ್ಡಿಗೆ ತಂದು ನಿಲ್ಲಿಸಿ
ಬೆನ್ನ ಹಿಂದೆ ನಲವತ್ತು ಖಾಲಿ ಸೀಟು ಇಟ್ಟುಕೊಂಡು
ಕೇಳಿದಳು, ಫೋನು ಸಾಯುವ ತನಕ.

ಹೀಗೆ ಹದಿನಾಲ್ಕು ತಿಂಗಳು.
ಹಾಲಿನ ಡಬ್ಬಿಗಿರುವ ಹಾಗೆ ದೂರಿಗೂ
ಕೊನೆಯ ತಾರೀಖು ಇರುತ್ತದೆಂದು
ಯಾರೂ ಹೇಳಿರಲಿಲ್ಲ.

ಚರ್ಚಿನ ಅಡುಗೆಮನೆಯಲ್ಲಿ ಪೀಕನ್ ಒಡೆಯುತ್ತ
ಯೂಲಜ್ಜಿ ಅಂದಳು: ಇಡೆಲ್ಲಾ ಇದ್ದಾಳಲ್ಲೇ, ಕ್ರೂಮ್ ಮನೆಯವಳು,
ಟೈರ್ ಅಂಗಡಿ ಮೇಲೆ.
ಉಯಿಲು ಬರೀತಾಳೆ, ಜಮೀನಿನ ಪತ್ರ ನೋಡ್ತಾಳೆ.
ಹಿಂದೊಮ್ಮೆ ಜೈಲಿನ ಮೇಲೆ ಕೇಸು ಹಾಕಿ ಸೋತಳು.
ಸೋತವಳೇ?
ಸೋತವಳೇ ಬೇಕು ಕಣೆ.
ಯಾವ ಬಾಗಿಲು ಎಲ್ಲಿ ಬಡಿಯುತ್ತೆ
ಬೆರಳು ಸಿಕ್ಕಿಸಿಕೊಂಡವಳಿಗೆ ಗೊತ್ತು.

ಮೆಟ್ಟಿಲ ತುಂಬ ರಬ್ಬರಿನ ವಾಸನೆ.
ಕೆಳಗೆ ಯಂತ್ರ ನಟ್ಟು ಬಿಚ್ಚಿದಾಗೆಲ್ಲ
ಮೇಜಿನ ಮೇಲೆ ಚಹಾ ನಡುಗುತ್ತದೆ.
ಅರವತ್ತು ದಾಟಿದ ಹೆಂಗಸು. ಕನ್ನಡಕಕ್ಕೆ ಪಿನ್ನು,
ಕಾಲಲ್ಲಿ ಓಟದ ಬೂಟು, ಲಾಡಿ ಬಿಚ್ಚಿದ್ದು.
ಗೆದ್ದವ ಸೋತ, ಸೋತವ ಸತ್ತ,
ಗೊತ್ತಿದ್ದೇ ಬಂದಿದ್ದೀಯ ತಾನೆ? ಕೂತುಕೊ.

ನ್ಯಾಯ ಅನ್ನುವ ಮಾತು ಅವಳ ಬಾಯಲ್ಲಿ ಬರಲೇ ಇಲ್ಲ.
ಅಂಗಿ ಎಲ್ಲಿ, ಅಂದಳು.
ಯಾವ ಅಂಗಿ?
ಆ ದಿನ ತಮ್ಮ ತೊಟ್ಟಿದ್ದು.

ವರ್ಲೀನ್ ತನ್ನ ಕೈ ನೋಡಿಕೊಂಡಳು.
ಒಗೆದೆ.
ತಣ್ಣೀರಲ್ಲಿ ನೆನೆಸಿ, ಉಪ್ಪು ಹಾಕಿ ಉಜ್ಜಿ, ಎರಡು ಸಲ.
ಇಸ್ತ್ರಿಯನ್ನೂ ಹಾಕಿದೆ. ಆಸ್ಪತ್ರೆಯಿಂದ ಬರುವಾಗ
ಅವನಿಗೊಂದು ಒಳ್ಳೆ ಅಂಗಿ ಬೇಕಿತ್ತಲ್ಲ.

ಯಂತ್ರ ಒಮ್ಮೆ ಕಿರುಚಿ ನಿಂತಿತು.
ಇಡೆಲ್ಲಾ ಬೈಯಲಿಲ್ಲ.
ನಮ್ಮಮ್ಮನೂ ಒಗೆದಿದ್ದಳು, ಅಂದಳು.
ಯಾರದೆಂದು ಹೇಳಲಿಲ್ಲ.

ಷೆರಿಫನ ಕಾಗದ ನೋಡಿದೆಯಾ?
ಐದೂವರೆಗೆ ಕುಡಿದು ತಾನೇ ಬಿದ್ದ, ಪ್ರಜ್ಞೆಯಿಲ್ಲ, ಅಂತಿದೆ.
ಸುಳ್ಳು. ಐದು ನಲವತ್ತೊಂದಕ್ಕೆ ಮಾತಾಡಿದ.
ಅದೇನು ಅಷ್ಟು ಕರಾರುವಾಕ್ಕು?

ಬಸ್ಸಿನ ಪುಸ್ತಕ. ಪ್ರತಿ ಸ್ಟಾಪೂ ಬರೆಯಬೇಕು ನಾನು.
ಆಟ ಮುಗಿಸಿದ ಹುಡುಗರನ್ನು ಇಳಿಸಿ ಬರುತ್ತಿದ್ದೆ,
ಜೈಲಿನ ಎದುರು ರೈಲು ಗೇಟು, ಗೂಡ್ಸ್ ಗಾಡಿ,
ಬ್ರೇಕ್ ಒತ್ತಿ ನಿಂತೆ.
ಮೇಲಿನ ಕಿಟಕಿಯಿಂದ ಕೂಗಿದ, ನಗುತ್ತ:
ಅಕ್ಕಾ, ಎಡಗಡೆ ದೀಪ ಹೋಗಿದೆ, ಫೈನ್ ಹಾಕ್ತಾರೆ ನಿಂಗೂ!
ಅವನನ್ನು ಹಿಡಿದದ್ದೂ ಹಳೇ ಫೈನಿಗೇ ಅಲ್ಲವೆ.

ಚೀಲದಿಂದ ತೆಗೆದಳು, ಎಣ್ಣೆ ಮೆತ್ತಿದ ನೀಲಿ ರಟ್ಟು.
ಟೈರು ಸರಿ, ಕನ್ನಡಿ ಸರಿ ಅನ್ನುವ ಖಾನೆಗಳ ಪಕ್ಕ
ಬಿಕ್ಕದ, ನಡುಗದ, ಏನೂ ಅರಿಯದ ಅಕ್ಷರ:
5.41. ಎಡ ಬ್ರೇಕ್ ದೀಪ ಇಲ್ಲ. ಹೇಳಿದವ ಲೊಂಜೊ.

ಇಡೆಲ್ಲಾ ಆ ಸಾಲನ್ನು ಮತ್ತೆ ಮತ್ತೆ ಓದಿದಳು
ಉಯಿಲು ಓದುವ ನಿಧಾನದಲ್ಲಿ.
ದೀಪ ಬದಲಿಸಿದವನು ಯಾರು?
ಗ್ಯಾರೇಜಿನ ಡೆಲ್ಮರ್. ಮಾರ್ಚಿನಲ್ಲಿ ಹೋಗಿಬಿಟ್ಟ.
ರಸೀದಿ?
ಅವನ ಹೆಂಡತಿ ಏನನ್ನೂ ಎಸೆಯುವವಳಲ್ಲ, ಅಂತಾರೆ.

ಇಡೆಲ್ಲಾ ಬಗ್ಗಿ
ಬೂಟಿನ ಲಾಡಿ ಕಟ್ಟತೊಡಗಿದಳು.